ಹೊನ್ನಾಜಿ ಕೈಯ ಸಂಕೋಲೆ

“ಕೇಳಿರಯ್ಯಾ ಕೇಳಿ! ಊರಿನ ನೀರಿನ ತೂಬುಗಳನ್ನು ತೆರೆದು ಮುಚ್ಚುವ ಅರಮನೆಯ ಗಣಕಯಂತ್ರ ಕೆಟ್ಟು ಹದಿನೆಂಟು ದಿನವಾಯಿತು. ಅದಕ್ಕೆ ಕೂರಿಸಲು ಉಳಿದಿರುವುದು ಒಂದೇ ಒಂದು ಬೋರ್ಡು. ಯಂತ್ರ ಮಾಡಿದ ಗುರು ಸಾಯುವ ಮುನ್ನ ಬರೆದಿಟ್ಟ ಮೂರು ಒಗಟು ಬಿಡಿಸಿದವರೇ ಅದನ್ನು ಮುಟ್ಟಬೇಕು. ಗೆದ್ದವರು ಕೇಳಿದ್ದನ್ನು ಅರಸ ಕೊಡುತ್ತಾನೆ. ಸೋತವರಿಗೆ ಗಲ್ಲು!”

ಡಂಗುರ ಕೇಳಿ ಹೊನ್ನಾಜಿ ಹಲ್ಲು ಕಚ್ಚಿದಳು. ರೇಡಿಯೋ ರಿಪೇರಿ ಮಾಡಿ ಬದುಕುತ್ತಿದ್ದವಳು ಅವಳು. ಹಿಂದಿನ ಎರಡು ಬೋರ್ಡುಗಳನ್ನು ಕೂರಿಸಿದವನು ಅವಳ ಅಣ್ಣ ಕೆಂಚಪ್ಪ. ಎರಡೂ ಸುಟ್ಟವು. ಬೇಕೆಂದೇ ಕೆಡಿಸಿದನೆಂದು ಅರಸ ವೀರಕಂಠ ಅವನನ್ನು ಸೆರೆಗೆ ತಳ್ಳಿ, ಅಮಾವಾಸ್ಯೆಗೆ ಗಲ್ಲು ಎಂದಿದ್ದ.

ಸಭೆಯಲ್ಲಿ ಮಂತ್ರಿ ಮೊದಲ ಒಗಟು ಓದಿದ. “ಅವನು ಕಣ್ಣಿಗೆ ಕಾಣನು. ನೀವೇ ಅವನನ್ನು ಮೈಮೇಲೆ ಹೊತ್ತು ತರುತ್ತೀರಿ, ನಿಮಗೇ ಗೊತ್ತಾಗದು. ಬೆರಳು ತಾಗಿದ ಗಳಿಗೆಯಲ್ಲೇ ಕೊಲ್ಲುತ್ತಾನೆ. ಯಾರವನು?”

ಆಸ್ಥಾನದ ಪಂಡಿತ ಶಾಲು ಸರಿಪಡಿಸಿಕೊಂಡು “ಪಾಪ” ಎಂದ. ತಪ್ಪು. ರತ್ನದ ವ್ಯಾಪಾರಿಯ ಮಗ ಬೆವರುತ್ತ “ಅಂಟುರೋಗ” ಎಂದ. ಅದೂ ತಪ್ಪು. ಭಟರು ಇಬ್ಬರನ್ನೂ ಸೆರೆಗೆ ಎಳೆದೊಯ್ದರು. ಪಂಡಿತನ ಕೂಗು ಅಂಗಳದಾಚೆಗೂ ಕೇಳಿಸಿತು.

ಹೊನ್ನಾಜಿ ಬರಿಗಾಲಲ್ಲಿ ಮುಂದೆ ಬಂದಳು. “ಮೈಯಲ್ಲಿ ಕೂಡಿಕೊಳ್ಳುವ ಸ್ಥಿರ ವಿದ್ಯುತ್ತು, ದೊರೆ. ಜಾಸ್ತಿಯಾದರೆ ಬೆರಳ ತುದಿಯಲ್ಲಿ ಚುರುಕ್ ಅನ್ನುತ್ತೆ. ನಮಗೆ ಗೊತ್ತೇ ಆಗದಷ್ಟಿದ್ದರೂ ಬೋರ್ಡಿನ ಚಿಪ್ ಸುಟ್ಟುಹೋಗುತ್ತೆ.”

ಗುರು ಬರೆದಿಟ್ಟ ಉತ್ತರ ನೋಡಿ ಮಂತ್ರಿ ಸರಿಯೆಂದು ತಲೆಯಾಡಿಸಿ, ಎರಡನೆಯದನ್ನು ಓದಿದ. “ಅವನ ತೊಟ್ಟಿಲು ಮೆತ್ತಗಿದೆ. ಒಣ ಹವೆ ಅವನಿಗೆ ಇಷ್ಟ. ನೀವು ನಡೆದಷ್ಟೂ ಬೆಳೆಯುತ್ತಾನೆ. ಅವನು ಹುಟ್ಟುವುದೆಲ್ಲಿ?”

ಹೊನ್ನಾಜಿ ತಲೆ ತಗ್ಗಿಸಿ ನೋಡಿದಳು. ಬಾಗಿಲಿಂದ ಯಂತ್ರದವರೆಗೂ ನಲವತ್ತು ಮೊಳದ ಉಣ್ಣೆಯ ರತ್ನಗಂಬಳಿ. ಸಿಟ್ಟಿಗೆ ಅವಳ ಮೈಯೆಲ್ಲ ಉರಿದುಹೋಯಿತು.

“ನಿಮ್ಮ ಕಾಲ ಕೆಳಗೇ! ಅರಮನೆಯ ಅಂತಸ್ತಿಗೆ ತಕ್ಕಂತಿರಬೇಕು ಅಂತ ನನ್ನಣ್ಣನಿಗೆ ರೇಷ್ಮೆ ಉಡಿಸಿದಿರಿ. ಕಾಲಿಗೆ ಮೆಟ್ಟು ತೊಡಿಸಿ ಈ ಉಣ್ಣೆಯ ಮೇಲೆ ನಡೆಸಿದಿರಿ. ಉಜ್ಜಿದಷ್ಟೂ ವಿದ್ಯುತ್ತು ಕೂಡಿಕೊಂಡಿತು. ಬೇಡ ದೊರೆ ಅಂತ ಅವನು ಅಂಗಲಾಚಿದಾಗ ನಕ್ಕವರು ಯಾರು?”

ಅರಸನ ಕೈ ಕತ್ತಿಯ ಹಿಡಿಗೆ ಹೋಯಿತು. ಮಂತ್ರಿ ನುಡಿದ: “ಉತ್ತರ ಸರಿ, ಪ್ರಭು. ಗುರುಗಳು ಇದನ್ನೇ ಬರೆದಿದ್ದಾರೆ.” ಮತ್ತೆ ಓಲೆಯತ್ತ ಬಗ್ಗಿ ಮೂರನೆಯದನ್ನು ಓದಿದ. “ತೊಟ್ಟವರನ್ನು ಕಾಯ್ದು, ಕೊಲೆಗಾರನನ್ನು ಮಣ್ಣಿಗೆ ಕಳಿಸುವ ಸಂಕೋಲೆ ಯಾವುದು?”

“ಮೊದಲು ಈ ರತ್ನಗಂಬಳಿ ಸುತ್ತಿ ಆಚೆ ಎಸೆಯಿರಿ,” ಎಂದಳು ಹೊನ್ನಾಜಿ. ಆಮೇಲೆ ಚೀಲದಿಂದ ಒಂದು ಪಟ್ಟಿ ತೆಗೆದು ಮಣಿಕಟ್ಟಿಗೆ, ಚರ್ಮಕ್ಕೆ ತಾಗುವಂತೆ, ಕಟ್ಟಿಕೊಂಡಳು. ಅದರ ತಂತಿಯ ನಡುವೆ ವಿದ್ಯುತ್ತಿನ ಹರಿವು ತಗ್ಗಿಸುವ ಸಣ್ಣ ರೆಸಿಸ್ಟರ್ ಇತ್ತು. ತಂತಿಯ ತುದಿಯನ್ನು ನೆಲದೊಳಗೆ ಇಳಿದಿದ್ದ ಯಂತ್ರದ ಅರ್ಥಿಂಗ್ ಕಂಬಿಗೆ ಸಿಕ್ಕಿಸಿದಳು. “ಇದೇ ಆ ಸಂಕೋಲೆ. ಮೈಯಲ್ಲಿ ಕೂಡಿದ್ದೆಲ್ಲ ಮೆಲ್ಲಗೆ ಭೂಮಿಗೆ ಇಳಿಯುತ್ತೆ.”

ಮಂತ್ರಿ ತಂದಿಟ್ಟ ಬೋರ್ಡನ್ನು ಅದರ ಲಕೋಟೆಯಿಂದ ತೆಗೆದು, ಅಂಚಿನಲ್ಲಷ್ಟೇ ಹಿಡಿದು, ಯಂತ್ರಕ್ಕೆ ಕಚ್ಚಿಕೊಳ್ಳುವ ಅದರ ಚಿನ್ನದ ಹಲ್ಲುಗಳಿಗೆ ಬೆರಳು ಸೋಕಿಸದೆ ಕೂರಿಸಿದಳು. ಕೈಪಟ್ಟಿ ಬಿಚ್ಚಿ, ಯಂತ್ರ ಹಚ್ಚಿದಳು. ಪರದೆ ಬೆಳಗಿತು. ದೂರದಲ್ಲಿ ತೂಬುಗಳ ನೀರು ಭೋರ್ಗರೆಯಿತು.

“ಅರ್ಧ ರಾಜ್ಯ ಬೇಕಾದರೂ ಕೇಳಮ್ಮ,” ಎಂದ ಅರಸ.

“ನಿಮ್ಮ ರಾಜ್ಯ ಯಾರಿಗೆ ಬೇಕು? ಸೆರೆಯಲ್ಲಿರುವವರನ್ನೆಲ್ಲ ಬಿಡಿ. ಅಣ್ಣನ ಕೋಣೆಯ ಬೀಗ ನೀವೇ ತೆಗೆಯಬೇಕು. ತೆಗೆದು, ತಪ್ಪು ನನ್ನದು ಅನ್ನಬೇಕು.”

ಕೊಟ್ಟ ಮಾತು. ಅರಸ ಇಳಿದುಹೋಗಿ ಬೀಗ ತೆಗೆದ. ಸೊರಗಿದ ಕೆಂಚಪ್ಪ ಗೋಡೆ ಹಿಡಿದು ಹೊರಬಂದ. ಅರಸ ನೆಲ ನೋಡುತ್ತ ಏನೋ ಗೊಣಗಿದ.

“ಕೇಳಿಸಲಿಲ್ಲ,” ಎಂದಳು ಹೊನ್ನಾಜಿ.

ಅರಸ ತಲೆಯೆತ್ತಿ, ಊರಿಗೆಲ್ಲ ಕೇಳುವಂತೆ ಮತ್ತೊಮ್ಮೆ ಹೇಳಿದ.