ಹಸಿರು ಸೀಸೆ, ಕೆಂಪು ಸೀಸೆ

ಯಾವ ನದಿ, ಯಾವ ಮಠ ಎಂದು ಕೇಳಬೇಡಿ. ಕೇಳಿದರೆ ಹೇಳಿಬಿಡುತ್ತೇನೆ, ಅದು ಸುಳ್ಳಾಗಿರುತ್ತದೆ.

ಆ ಮಠದ ಗುರು ನಿರ್ವಾಣಯ್ಯ ಔಷಧಿ ಕೊಡುತ್ತಿದ್ದರು. ಬಳಸುವ ಬಗೆಯನ್ನು ಶಿಷ್ಯ ಅಡವೇಶ ಕಂಪ್ಯೂಟರಿನಲ್ಲಿ ಬರೆಯಬೇಕು, ರೋಗಿಗಳು ಅದನ್ನು ಫೋನಿನಲ್ಲಿ ಓದಬೇಕು. ಅದಕ್ಕೆಂದೇ ಗುರುಗಳು ಅವನಿಗೆ ಮಾರ್ಕ್‌ಡೌನ್ ಎಂಬ ಗುರುತಿನ ಬರಹ ಕಲಿಸಿದ್ದರು. ಸಾಲಿನ ಮೊದಲಿಗೆ ಹ್ಯಾಷ್ ಗುರುತು (#) ಹಾಕಿದರೆ ತಲೆಬರಹ. ಪದದ ಎರಡೂ ಕಡೆ ಜೋಡಿ ನಕ್ಷತ್ರ ಹಾಕಿದರೆ ದಪ್ಪಕ್ಷರ.

ಅಂದು ಆಚೆ ದಡದ ಹೊಂಬಾಳಮ್ಮನಿಗೆ ದೋಣಿಯಲ್ಲಿ ಎರಡು ಸೀಸೆ ಹೋದವು. ಆಕೆಗೆ ಕಿವಿ ಕೇಳದು. ಪುಟದಲ್ಲಿ ಏನಿದೆಯೋ ಅದೇ ಗತಿ.

ದೋಣಿ ನಡುನೀರಿಗೆ ಬಂದಾಗ ಗುರುಗಳು ತಮ್ಮ ಫೋನು ತೆರೆದು ಓದಿದರು.

"ಕಾಲಿಗೆ ಹಚ್ಚಲು ಹಸಿರು ಸೀಸೆ ಕುಡಿಯಲು ಕೆಂಪು ಸೀಸೆ."

ಅಡವೇಶ ಬಗ್ಗಿ ನೋಡಿದ. ನಡುವೆ "ಹಸಿರು ಸೀಸೆ ಕುಡಿಯಲು" ಎಂದೂ ಓದಬಹುದಿತ್ತು. ಹಸಿರು ಸೀಸೆಯಲ್ಲಿದ್ದದ್ದು ವಿಷದ ಬೇರಿನ ಎಣ್ಣೆ.

"ನಾನು ಎರಡು ಸಾಲಿನಲ್ಲೇ ಬರೆದಿದ್ದೇನೆ ಬುದ್ಧೀ! ನೋಡಿ ಬೇಕಾದರೆ!"

"ನಿನ್ನ ಪರದೆಯಲ್ಲಿ ಎರಡು. ಆಯಮ್ಮನ ಪರದೆಯಲ್ಲಿ ಒಂದು."

ಅಡವೇಶ ನಕ್ಷತ್ರ ಹಾಕಿದ. ಅಕ್ಷರ ದಪ್ಪವಾಯಿತು, ಸಾಲು ಒಂದೇ ಉಳಿಯಿತು.

ಅಕ್ಷರಕ್ಕೆ ಅಂಟಿಸಿ, ಜಾಗ ಬಿಡದೆ ಹ್ಯಾಷ್ ಹಾಕಿದ. ತಲೆಬರಹವಾಗಲಿಲ್ಲ, ಹ್ಯಾಷ್ ಹಾಗೇ ಕಂಡಿತು, ಸಾಲು ಒಂದೇ ಉಳಿಯಿತು.

"ಏನು ತಪ್ಪು, ಹೇಳಿಬಿಡಿ ಬುದ್ಧೀ. ದೋಣಿ ದಡ ಮುಟ್ಟುತ್ತಿದೆ!"

ಗುರುಗಳು ಎದ್ದರು. ಗೂಡಿನಿಂದ ಇನ್ನೊಂದು ಹಸಿರು ಸೀಸೆ ತೆಗೆದು ಬಿರಡೆ ಬಿಚ್ಚಿದರು.

"ನಿನ್ನ ಪುಟ ಹೇಳಿದಂತೆ ಮಾಡುತ್ತೇನೆ ಮರಿ."

ಸೀಸೆ ತುಟಿಯ ಹತ್ತಿರ ಬಂತು. ಅಡವೇಶ ಹಾರಿ ಬಂದು ಸೀಸೆಗೂ ತುಟಿಗೂ ನಡುವೆ ಅಂಗೈ ಅಡ್ಡ ಇಟ್ಟ. ಎಣ್ಣೆ ಬೆರಳ ಮೇಲೆ ಚೆಲ್ಲಿತು.

"ಈ ಅಂಗೈಯನ್ನು ಅಲ್ಲಿ ಇಡು," ಎಂದರು ಗುರುಗಳು.

"ಎಲ್ಲಿ?"

"ನೀನು ಬರೆದ ಎರಡು ಸಾಲಿನ ನಡುವೆ."

ಅಡವೇಶ ಕೈ ಒರೆಸಿಕೊಂಡು ಕೂತ. ಆ ಮಠದಲ್ಲಿ ಕಾಗದದ ಅಂಚನ್ನೂ ಖಾಲಿ ಬಿಡುವಂತಿಲ್ಲ. ಎಲೆಯಲ್ಲಿ ಅಗುಳು ಬಿಟ್ಟಷ್ಟೇ ತಪ್ಪು. ಹತ್ತು ವರ್ಷದ ರೂಢಿ. ಆದರೂ ಬೆರಳನ್ನು ಕೀಲಿಯ ಮೇಲಿಟ್ಟ. ಹ್ಯಾಷ್ ಅಳಿಸಿದ. ಎರಡು ಸಾಲಿನ ನಡುವೆ ಒಂದು ಖಾಲಿ ಸಾಲು ಬಿಟ್ಟ.

ಪುಟದಲ್ಲಿ ಮಾತು ಎರಡಾಗಿ ನಿಂತಿತು.

ಆಚೆ ದಡದಲ್ಲಿ ಹೊಂಬಾಳಮ್ಮ ಹಸಿರು ಸೀಸೆ ಕೈಗೆತ್ತಿಕೊಂಡಿದ್ದಳು. ಫೋನನ್ನು ಮೂಗಿನವರೆಗೆ ತಂದು ಓದಿದಳು. ಹಸಿರನ್ನು ಕೆಳಗಿಟ್ಟಳು. ಕೆಂಪನ್ನು ಎತ್ತಿ ಕುಡಿದಳು.

ಈಚೆ ದಡದಿಂದ ಅಡವೇಶ ಅದನ್ನು ಕಂಡ. ಜೀವ ಬಂದ ಮೇಲೆ ಸಿಟ್ಟೂ ಬಂತು.

"ನಕ್ಷತ್ರ ಕಲಿಸಿದಿರಿ, ಹ್ಯಾಷ್ ಕಲಿಸಿದಿರಿ. ನೀವು ಹೇಳಿದ್ದು ಒಂದನ್ನೂ ಬಿಡದೆ ಬರೆದುಕೊಂಡೆ. ಖಾಲಿ ಸಾಲನ್ನು ಮಾತ್ರ ಯಾಕೆ ಕಲಿಸಲಿಲ್ಲ ಬುದ್ಧೀ?"

ಗುರುಗಳು ಸೀಸೆಗೆ ಬಿರಡೆ ಹಾಕಿದರು.

"ಒಂದೊಂದು ಮಾತು ಮುಗಿದಾಗಲೂ ಸುಮ್ಮನೆ ಕೂರುತ್ತಿದ್ದೆನಲ್ಲ ಮರಿ, ಆಗ ನೀನು ಏನು ಮಾಡುತ್ತಿದ್ದೆ?"