ಗಿಡುಗದ ಕಾಲುಪಟ್ಟಿ, ಚೆನ್ನಿಗಯ್ಯನ ಮೆಟ್ಟು

ದೇವರನ್ನು ನೆನೆದು ಹೇಳುತ್ತೇನೆ, ಕೂತು ಕೇಳಿ ಮಕ್ಕಳೇ. ಕಾಡಂಚಿನ ಒಂದು ರಾಜ್ಯದಲ್ಲಿ ಒಬ್ಬ ರಾಜನಿದ್ದ. ಅವನಿಗೆ ಗಿಡುಗ ಬಿಟ್ಟು ಅಳಿಲು ಹಿಡಿಸುವ ಹುಚ್ಚು. ನಿಮ್ಮ ಹಿತ್ತಿಲಿನ ಪುಟ್ಟ ಅಳಿಲಲ್ಲ, ಬೆಕ್ಕಿನಷ್ಟು ದೊಡ್ಡ ಕೆಂದಳಿಲು. ಹಿಡಿದರೆ ತಿರುಗಿ ಕಚ್ಚುತ್ತದೆ. ಜೀವ ಉಳಿಸಿಕೊಳ್ಳಲು ಕಚ್ಚುತ್ತದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಅದಕ್ಕೇ ಗಿಡುಗದ ಕಾಲಿಗೆ ದಪ್ಪ ಎಮ್ಮೆ ತೊಗಲಿನ ಪಟ್ಟಿ ಕಟ್ಟುತ್ತಿದ್ದರು.

ಗಿಡುಗ ಸಾಕುವವಳು ಮಾಳವ್ವ. ಅವಳ ಗಿಡುಗದ ಹೆಸರು ಚಂದ್ರಿ. ಪಟ್ಟಿ ಕೊಡುವವನು ಉಗ್ರಾಣ ನೋಡಿಕೊಳ್ಳುವ ಚೆನ್ನಿಗಯ್ಯ. ಆ ವರ್ಷ ಅವನು ಪಟ್ಟಿಗೆಂದು ಬಂದ ಎಮ್ಮೆ ತೊಗಲಿನಲ್ಲಿ ತನಗೆ ಮೆಟ್ಟು ಹೊಲಿಸಿಕೊಂಡ. ಗಿಡುಗಕ್ಕೆ ಕೊಟ್ಟದ್ದು ಬಾಳೆಲೆಯಂಥ ಮೇಕೆ ತೊಗಲು, ಮೇಲೆ ಕರಿ ಬಳಿದು. ಮೋಸ ಮಾಡಿದ್ದು ಯಾರಿಗೆ? ಬಾಯಿಲ್ಲದ ಹಕ್ಕಿಗೆ! ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ, ಶಿವನೇ.

ಮೊದಲ ಬೇಟೆಯಲ್ಲಿ ಚಂದ್ರಿಯ ಉಗುರು ಹೋಯಿತು.

"ಅಯ್ಯಾ, ಪಟ್ಟಿ ತೆಳುವಾಗಿದೆ," ಅಂದಳು ಮಾಳವ್ವ.

"ಹುಲಿ ಕಚ್ಚಿದರೂ ಹರಿಯದು, ಹೋಗೇ!" ಅಂದು ಅವನು ಹೊರಟ. ಮೆಟ್ಟು ಕಿರ್ರ್, ಕಿರ್ರ್.

ಎರಡನೆಯ ಬೇಟೆಯಲ್ಲಿ ಬೆರಳು ಸೀಳಿತು.

"ಅಯ್ಯಾ, ರಕ್ತ ನಿಲ್ಲುತ್ತಿಲ್ಲ."

"ಪಟ್ಟಿ ಗಟ್ಟಿಯಾಗೇ ಇದೆ. ನಿನ್ನ ಹಕ್ಕಿಗೇ ಕೆಚ್ಚಿಲ್ಲ." ಕಿರ್ರ್, ಕಿರ್ರ್.

ಮೂರನೆಯ ಬೇಟೆಯಲ್ಲಿ ಮೂಳೆ ಕಂಡಿತು. ಈ ಸಲ ಚೆನ್ನಿಗಯ್ಯನೇ ಮೊದಲು ರಾಜನ ಬಳಿಗೆ ಓಡಿದ. "ಪ್ರಭು, ಪಟ್ಟಿ ಕಬ್ಬಿಣದಂತಿದೆ. ಗಿಡುಗವೇ ಹೇಡಿ."

ರಾಜ ಒಂದು ಮಾತು ವಿಚಾರಿಸಲಿಲ್ಲ. "ನಾಳೆ ಅದರ ಕತ್ತು ಮುರಿಯಿರಿ," ಅಂದುಬಿಟ್ಟ.

ಮಾಳವ್ವ ಚಂದ್ರಿಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಸ್ವಾಮೀ, ಇದಕ್ಕೆ ಮಾತು ಕೊಡಲಿಲ್ಲ. ನನಗಾದರೂ ಬುದ್ಧಿ ಕೊಡು." ಕೇಳಿದವರಿಗೆ ದೇವರು ಇಲ್ಲವೆನ್ನುತ್ತಾನೆಯೇ?

ಬೆಳಗಾಯಿತು. ಮಾಳವ್ವ ಮುಚ್ಚಳ ಹಾಕಿದ ಬುಟ್ಟಿ ಹೊತ್ತು ಸಭೆಗೆ ಬಂದಳು. ಒಳಗೆ ಪರ ಪರ ಕೆರೆಯುವ ಸದ್ದು.

"ಪ್ರಭು, ಅಯ್ಯನವರು ಪಟ್ಟಿ ಗಟ್ಟಿಯೆಂದು ಮೂರು ಸಲ ಹೇಳಿದ್ದಾರೆ. ಅದನ್ನೇ ಬೆರಳಿಗೆ ಸುತ್ತಿಕೊಂಡು ಈ ಬುಟ್ಟಿಯೊಳಗೆ ಕೈ ಹಾಕಲಿ. ನನ್ನ ಹೇಡಿ ಹಕ್ಕಿ ಮೂರು ಸಲ ಕಾಲು ಕೊಟ್ಟಿದೆ. ಇವರು ಒಂದೇ ಸಲ ಕೈ ಕೊಡಲಿ."

ಸಭೆ ಗೊಳ್ಳೆಂದಿತು. ರಾಜ, "ಹಾಕಯ್ಯಾ," ಅಂದ.

ಚೆನ್ನಿಗಯ್ಯ ಪಟ್ಟಿ ಸುತ್ತಿಕೊಂಡ. ಕೈಯನ್ನು ಬುಟ್ಟಿಯ ಹತ್ತಿರ ತಂದ. ಒಳಗೆ ಮತ್ತೆ ಪರ ಪರ. ಅಲ್ಲೇ ಕುಸಿದ. "ಬೇಡ ಪ್ರಭು! ಇದು ಮೇಕೆ ತೊಗಲು! ಅಳಿಲು ಬೆರಳನ್ನೇ ಕಡಿದುಹಾಕುತ್ತದೆ!"

"ಹಾಗಾದರೆ ಎಮ್ಮೆ ತೊಗಲು ಎಲ್ಲಿ?" ಅಂದ ರಾಜ.

ಚೆನ್ನಿಗಯ್ಯ ಕಾಲು ಹಿಂದಕ್ಕೆಳೆದುಕೊಂಡ. ಮೆಟ್ಟು ಕಿರ್ರ್ ಅಂದಿತು.

ಮಾಳವ್ವ ಮುಚ್ಚಳ ತೆಗೆದಳು. ಅಳಿಲಿನ ಸುಳಿವೇ ಇಲ್ಲ. ಒಂಟಿ ಕಾಲಲ್ಲಿ ಕುಂಟುತ್ತ ಚಂದ್ರಿ ಹೊರಗೆ ಬಂತು.

ರಾಜನ ಮುಖ ಕೆಂಡವಾಯಿತು, ಆಮೇಲೆ ನಾಚಿಕೆಯಿಂದ ಬಾಗಿತು. "ತಪ್ಪಾಯಿತು ತಾಯಿ," ಅಂದ ಮಾಳವ್ವನಿಗೆ. "ಬಿಚ್ಚೋ ಮೆಟ್ಟು!" ಅಂದ ಚೆನ್ನಿಗಯ್ಯನಿಗೆ. ತುಂಬಿದ ಸಭೆಯಲ್ಲೇ ಆ ಮೆಟ್ಟನ್ನು ಕತ್ತರಿಸಿ ಗಿಡುಗಗಳಿಗೆ ಪಟ್ಟಿ ಹೊಲಿದರು. ಚೆನ್ನಿಗಯ್ಯ ಬರಿಗಾಲಲ್ಲಿ, ಮುಳ್ಳುದಾರಿಯಲ್ಲಿ, ರಾಜ್ಯ ಬಿಟ್ಟು ಹೋದ. ಕಿರ್ರ್ ಸದ್ದು ಮತ್ತೆ ಕೇಳಲಿಲ್ಲ.

ತಿಳಿಯಿತೇ ಮಕ್ಕಳೇ? ಬಾಯಿಲ್ಲದ ಜೀವವನ್ನು ಕಾಯಲೆಂದು ಕೊಟ್ಟದ್ದನ್ನು ಕದಿಯಬೇಡಿ. ಅದು ದೂರು ಹೇಳಲಾರದು ಎಂದುಕೊಳ್ಳಬೇಡಿ. ಅದರ ದೂರನ್ನು ದೇವರು ಎಲ್ಲರಿಗಿಂತ ಮೊದಲೇ ಕೇಳಿಸಿಕೊಂಡಿರುತ್ತಾನೆ.