ನೀರಿನಲ್ಲಿ ಉಳಿದ ಸಾರ

"ಕೊಟ್ಟದ್ದೆಲ್ಲ ಎಲ್ಲಿ ಹೋಗುತ್ತದೆ, ಗುರುಗಳೇ?" ಎಂದು ಸೋಮಲಿಂಗ ಕೇಳಿದ.

ಮಠದ ಪಾಠಶಾಲೆಯಲ್ಲಿ ಅವನು ಹನ್ನೆರಡು ವರ್ಷ ಮಕ್ಕಳಿಗೆ ಅಕ್ಷರ ಕಲಿಸಿದ್ದ. ಕಲಿತು ಹೋದವರಲ್ಲಿ ಒಬ್ಬನೂ ತಿರುಗಿ ಬಂದಿರಲಿಲ್ಲ. ಎದುರು ಸಿಕ್ಕರೂ ಗುರುತು ಹಿಡಿಯುತ್ತಿರಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ತನ್ನ ಬಾಳು ಎಂದು ಅವನಿಗೆ ಅನಿಸಿತ್ತು. ಇನ್ನು ಕಲಿಸುವುದಿಲ್ಲ, ಅಪ್ಪಣೆ ಕೊಟ್ಟರೆ ನಾಳೆಯೇ ಹೊರಡುತ್ತೇನೆ ಎಂದ.

ಗುರುಗಳು ಹೋಗು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಕತೆ ಹೇಳಿದರು.

ಹೊಳೆ ಸಮುದ್ರ ಸೇರುವ ಅಳಿವೆಯ ದಡದಲ್ಲಿ ಒಂದು ಊರು. ಬಳಚು ಹೆಕ್ಕುವುದು ಅವರ ಕಸುಬು. ಬಳಚು ಎಂದರೆ ಕೆಸರಿನಲ್ಲಿ ಹುದುಗಿ ಬದುಕುವ ಎರಡು ಚಿಪ್ಪಿನ ಜೀವ. ಮನೆಗೊಂದು ಮಡು. ದಡದ ನೀರಿಗೆ ಸುತ್ತ ಕಲ್ಲು ಕಟ್ಟಿ, ಮರಿಬಳಚನ್ನು ಬಿತ್ತುತ್ತಿದ್ದರು. ಬಿತ್ತಿದ ಮೇಲೆ ಮೂರು ಹುಣ್ಣಿಮೆ ಕಳೆಯುವ ತನಕ ಯಾರೂ ಮಡುವಿಗೆ ಕೈ ಹಾಕುವಂತಿಲ್ಲ. ಹಾಕಿದವರಿಗೆ ಮತ್ತೆ ಮಡು ಇಲ್ಲ. ಇದು ಮುತ್ತಜ್ಜರ ಕಾಲದ ಕಟ್ಟಳೆ. ಕಟ್ಟಳೆ ಒಳ್ಳೆಯದೇ, ಆಸೆಬುರುಕರ ಕೈ ಕಟ್ಟುತ್ತದೆ. ಒಮ್ಮೊಮ್ಮೆ ಬುದ್ಧಿವಂತರ ಕಣ್ಣನ್ನೂ ಕಟ್ಟುತ್ತದೆ.

ಆ ಊರಿನಲ್ಲಿ ಒಬ್ಬ ವಿಧವೆ. ಮುದಿ ಅತ್ತೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಅವಳು ಒಂದು ಮಡುವನ್ನು ನಂಬಿ ಸಾಕುತ್ತಿದ್ದಳು. ದಿನಾ ನೀರು ಇಳಿದ ಹೊತ್ತಿಗೆ, ಮೀನು ತೊಳೆದ ನೀರನ್ನು ಕೊಡದಲ್ಲಿ ತಂದು ಮಡುವಿಗೆ ಹೊಯ್ಯುತ್ತಿದ್ದಳು. ಅತ್ತೆ ಕಲಿಸಿದ ಕೆಲಸ ಅದು. ಪಕ್ಕದ ಮಡುವಿನವನಿಗೆ ಅದನ್ನು ಕಂಡರೆ ನಗು. ಸಮುದ್ರಕ್ಕೆ ಉಪ್ಪು ಸಾಲದಾಯಿತೇ ಎಂದು ಚುಡಾಯಿಸುತ್ತಿದ್ದ.

ಒಂದು ಬೇಸಿಗೆ ಬಿಸಿಲು ಮಿತಿಮೀರಿತು. ಆಚೆ ದಡದಲ್ಲಿ ಬಳಚು ಬಾಯಿ ಬಿಟ್ಟು ಸಾಯುತ್ತಿದೆ ಎಂಬ ಸುದ್ದಿ ಬಂತು. ಊರಿಗೆ ಊರೇ ಕಂಗಾಲಾಯಿತು. ಕೈ ಹಾಕಿ ನೋಡೋಣವೆಂದರೆ ಮೂರನೆಯ ಹುಣ್ಣಿಮೆಗೆ ಇನ್ನೂ ಹನ್ನೊಂದು ದಿನ. ಕೊನೆಗೆ ಊರ ಯಜಮಾನ ಪಟ್ಟಣದಿಂದ ನೀರು ಪರೀಕ್ಷಿಸುವವನೊಬ್ಬನನ್ನು ಕರೆಸಿದ.

ದಡದ ಸಮುದ್ರದ ನೀರಿನಲ್ಲಿ ಕಣ್ಣಿಗೆ ಕಾಣದ ಒಂದು ಸಾರ ಕರಗಿರುತ್ತದೆ. ಕೊಳೆತ ಎಲೆ, ಮೀನಿನ ಮೈ, ತಳದ ಕೆಸರು ಎಲ್ಲವೂ ಅದನ್ನು ನೀರಿಗೆ ಬಿಡುತ್ತವೆ. ಬಳಚು ಅದನ್ನು ಕಿವಿರಿನಿಂದಲೇ ಹೀರಿ ಮೈ ತುಂಬಿಕೊಳ್ಳುತ್ತದೆ. ಓದಿದವರು ಅದಕ್ಕೆ ಅಮೈನೋ ಆಮ್ಲ ಎನ್ನುತ್ತಾರೆ. ಪಟ್ಟಣದಿಂದ ಬಂದವನು ಅದನ್ನು ಅಳೆಯಲು ಒಂದೊಂದು ಮಡುವಿನಿಂದ ಒಂದೊಂದು ಶೀಷೆ ನೀರು ಒಯ್ದ. ನಾಲ್ಕನೆಯ ದಿನ ಬಂದು ಹೇಳಿದ: ಪಕ್ಕದವನ ಮಡುವಿನಲ್ಲಿ ಸಾರ ಹೇರಳವಾಗಿದೆ, ವಿಧವೆಯ ಮಡುವಿನಲ್ಲಿ ಹುಡುಕಿದರೂ ಸಿಗುವಂತಿಲ್ಲ. ಅವನು ಸುಳ್ಳು ಹೇಳಲಿಲ್ಲ. ಅಳೆದದ್ದನ್ನು ಅಳೆದಂತೆ ಹೇಳಿ ಹೊರಟುಹೋದ. ಅರ್ಥ ಹೇಳುವ ಕೆಲಸವನ್ನು ಊರಿನವರು ವಹಿಸಿಕೊಂಡರು.

ಸಾರವಿಲ್ಲದ ಮಡುವಿನಲ್ಲಿ ಬಳಚು ಹಸಿದು ಸತ್ತಿರಬೇಕು, ಕೊಳೆತರೆ ಊರಿನ ಮಡುವಿಗೆಲ್ಲ ರೋಗ ಹಬ್ಬುತ್ತದೆ ಎಂದು ಪಂಚಾಯಿತಿ ತೀರ್ಮಾನಿಸಿತು. ಅವಳ ಮಡುವಿನ ಕಲ್ಲು ಕಿತ್ತು ಎಲ್ಲವನ್ನೂ ಸಮುದ್ರಕ್ಕೆ ಬಿಡುವುದು, ಆ ಜಾಗವನ್ನು ಪಕ್ಕದವನಿಗೆ ಕೊಡುವುದು ಎಂದಾಯಿತು. ಹೊಯ್ದದ್ದೆಲ್ಲ ನಿಜಕ್ಕೂ ನೀರುಪಾಲಾಯಿತೇ ಎಂದು ಅವಳಿಗೇ ಅನುಮಾನ ಹುಟ್ಟಿತು. ಅಳೆದು ಹೇಳಿದವನು ಓದಿದವನು, ತಾನು ಅಕ್ಷರ ಕಾಣದವಳು.

ಮರುದಿನ ನೀರು ಇಳಿಯುವ ಹೊತ್ತಿಗೆ ಗಂಡಸರು ಹಾರೆ ಹಿಡಿದು ಬಂದರು. ಮೊದಲ ಕಲ್ಲು ಉರುಳಿತು. ಎರಡನೆಯದಕ್ಕೆ ಹಾರೆ ಹಾಕುವಷ್ಟರಲ್ಲಿ ಅವಳು ಮಡುವಿನ ನಡುವೆ ಹೋಗಿ ನಿಂತಳು.

"ಯಜಮಾನ್ರೇ, ನೀರು ನೋಡಿದ್ರಿ. ಬಳಚು ನೋಡಿದ್ರಾ?" ಎಂದಳು.

"ಕೈ ಹಾಕ್ಬೇಡ ತಂಗಿ," ಎಂದ ಯಜಮಾನ. "ಹಾಕಿದ್ರೆ ಈ ಮಡು ಅಲ್ಲ, ಈ ಅಳಿವೆಯಲ್ಲಿ ಯಾವ ಮಡುವಿಗೂ ನೀನು ಇಳಿಯೋ ಹಾಗಿಲ್ಲ."

ಅವನು ಬೆದರಿಸಲು ಹೇಳಿದ್ದಲ್ಲ, ಕಟ್ಟಳೆ ಹಾಗೇ ಇತ್ತು. ಈಗ ಸುಮ್ಮನಿದ್ದರೆ ಬೇರೆಯವರ ಮಡುವಿನಲ್ಲಾದರೂ ಕೂಲಿಗೆ ಹೆಕ್ಕಬಹುದು. ಕೈ ಹಾಕಿ, ಸತ್ತ ಬಳಚು ಮೇಲೆ ಬಂದರೆ ಅದೂ ಇಲ್ಲ. ಅವಳು ಬಗ್ಗಿ ಮೊಣಕೈವರೆಗೆ ಕೆಸರಿಗೆ ಕೈ ಇಳಿಸಿದಳು.

ಮೇಲೆ ಬಂದ ಬಳಚು ಒಂದೂ ಬಾಯಿ ಬಿಟ್ಟಿರಲಿಲ್ಲ. ಯಜಮಾನ ಒಂದನ್ನು ಉಗುರಿನಿಂದ ಬಿಡಿಸಲು ನೋಡಿದ, ಆಗಲಿಲ್ಲ. ಕತ್ತಿ ತರಿಸಿ ಬಿಡಿಸಿದ. ಚಿಪ್ಪಿನ ಅಂಚಿನ ತನಕ ಮಾಂಸ ತುಂಬಿತ್ತು.

ಯಜಮಾನ ಅದನ್ನು ಕಲ್ಲಿನ ಮೇಲಿಟ್ಟ. ಆಮೇಲೆ ಯಾರನ್ನೂ ಕೇಳದೆ ಪಕ್ಕದ ಮಡುವಿಗೆ ಇಳಿದು ತಾನೇ ಕೈ ಹಾಕಿದ. ಬಂದದ್ದೆಲ್ಲ ಬಾಯಿ ಬಿಟ್ಟ ಚಿಪ್ಪು. ಒಳಗೆ ಕೆಸರು, ನಾತ. ಇನ್ನೊಂದು ಕಡೆ ಹಾಕಿದ, ಅಲ್ಲಿಯೂ ಅದೇ. ಸತ್ತ ಬಳಚಿನ ಮೈ ಕರಗಿ ನೀರಿಗೆ ಸಾರ ಬಿಟ್ಟಿತ್ತು. ಕುಡಿಯಲು ಅಲ್ಲಿ ಒಂದು ಜೀವವೂ ಉಳಿದಿರಲಿಲ್ಲ. ವಿಧವೆಯ ಮಡುವಿನಲ್ಲಿ ಹೊಯ್ದದ್ದನ್ನೆಲ್ಲ ಬಳಚು ಕುಡಿದು ಮೈಯಾಗಿಸಿಕೊಂಡಿತ್ತು, ನೀರಿನಲ್ಲಿ ಏನೂ ಉಳಿದಿರಲಿಲ್ಲ. ಆ ಮಡುವಿನವನು ಕಲ್ಲಿನ ಮೇಲೆ ಕುಸಿದು ಕುಳಿತ. ನಕ್ಕಿದ್ದವನು ಅಳುವುದನ್ನು ನೋಡಿ ವಿಧವೆಗೂ ಸಂತೋಷವಾಗಲಿಲ್ಲ.

ಕಟ್ಟಳೆಯ ಮಾತನ್ನು ಆ ದಿನ ಯಾರೂ ಎತ್ತಲಿಲ್ಲ. ಎತ್ತಬೇಕಾದವನ ತೋಳೇ ಕೆಸರಾಗಿತ್ತು. ಉರುಳಿಸಿದ ಕಲ್ಲನ್ನು ಹೊತ್ತು ತಂದು ಮೊದಲಿದ್ದ ಜಾಗದಲ್ಲೇ ಇಟ್ಟರು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಸೋಮಲಿಂಗನಿಗೆ ಕತೆ ಅರ್ಥವಾಗಿತ್ತು, ಆದರೆ ನೋವು ಹೋಗಿರಲಿಲ್ಲ. ಅಷ್ಟು ಮಂದಿಯಲ್ಲಿ ಒಬ್ಬನಾದರೂ ನನ್ನ ಹೆಸರು ನೆನೆಯಬಾರದೇ ಎಂದು ತಲೆ ತಗ್ಗಿಸಿ ಕೇಳಿದ.

"ನಿನ್ನ ಹೆಸರು ಹೇಳಿಕೊಂಡು ಯಾರಾದರೂ ಬಂದರೆ," ಎಂದರು ಗುರುಗಳು, "ಅವನಿಗೆ ಪಾಠವನ್ನು ಮೊದಲಿನಿಂದ ಹೇಳಿಕೊಡು."